ಆಟದ ಕುದುರೆಗೆ ಹೊಸ ಕೂದಲು



ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ಕಲಿಕಾ ಕೇಂದ್ರಗಳಿಂದ ಬಂದೀರಿ. ಇವತ್ತು ನಾವು ಒಂದು ಆಟದ ಕುದುರೆ ತಂದೀವಿ. ನಗಬ್ಯಾಡ್ರಿ. ಇದರ ಕಥೆ ಕೇಳ್ರಿ.

ಇದು ಮಸ್ಕಿ ಹತ್ತಿರದ ಒಂದು ಊರಿನ ಹುಡುಗಿಯದು. ಆಕೆಯ ಅವ್ವ ಬೆಂಗಳೂರಿಗೆ ಗುಳೆ ಹೋಗಿದ್ದಳು. ಕಟ್ಟಡದ ಕೆಲಸ. ಬರುವಾಗ ಮಗಳಿಗೆ ಈ ಕುದುರೆ ತಂದಳು. ಮೆತ್ತನೆಯ ಪ್ಲಾಸ್ಟಿಕ್. ಉದ್ದನೆಯ ಗುಲಾಬಿ ಕೂದಲು. ಮುಂದಿನ ವರ್ಷ ಅವ್ವ ಮತ್ತೆ ಗುಳೆ ಹೋದಳು. ಹುಡುಗಿ ಅಜ್ಜಿ ಹತ್ರ ಉಳಿದಳು. ದಿನಾ ಕುದುರೆಯ ಕೂದಲು ಬಾಚಿದಳು, ಜಡೆ ಹಾಕಿದಳು. ಬಾಚಿ ಬಾಚಿ ಕೂದಲು ಉದುರಿತು. ಬಾಲ ಕಿತ್ತು ಬಂತು. ಕಣ್ಣು ಅಳಿಸಿ ಹೋಯಿತು.

"ಒಗದು ಬಿಡು, ಜಾತ್ರ್ಯಾಗ ಹೊಸಾದು ಕೊಡಸ್ತೀನಿ" ಅಂದಳು ಅಜ್ಜಿ. ಹುಡುಗಿ ಒಲ್ಲೆ ಅಂದಳು. ಊಟ ಬಿಟ್ಟು ಕುಂತಳು.

ಅಜ್ಜಿ ಕುದುರೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಮ್ಮ ಕೇಂದ್ರಕ್ಕೆ ಬಂದಳು. "ಅಕ್ಷರ ಕಲಿಸ್ತೀರಲ್ಲ, ಇದನ್ನ ಸುದ್ದ ಮಾಡಲಿಕ್ಕೆ ಬರತದೇನು?" ಅಂತ ಕೇಳಿದಳು. ನಮಗೆ ಬರತಿರಲಿಲ್ಲ. ಬಿಚ್ಚಿದ್ದನ್ನು ಮತ್ತೆ ಕೂಡಿಸಲಿಕ್ಕೆ ಆಗದಿದ್ದರೆ ಹೆಂಗ ಅಂತ ಅಂಜಿಕೆ. ಅದಕ್ಕೆ ಮೊದಲು ಇಂಥದೇ ಇನ್ನೊಂದು ಮುರಿದ ಕುದುರೆ ಹುಡುಕಿ ತಂದೆವು. ಅದನ್ನು ಕುದಿಯುವ ನೀರಿಗೆ ಹಾಕಿದೆವು. ನಾಲ್ಕೂ ಕಾಲು ಸೊಟ್ಟ ಆದವು! ಹುಡುಗಿಯ ಕುದುರೆ ಹಾಕಿದ್ದರೆ ಏನು ಗತಿ ಆಗತಿತ್ತು?

ಆಮೇಲೆ ಅದನ್ನು ತಿರುವಿ ತಿರುವಿ ನೋಡಿದೆವು. ಎದೆಯ ಹತ್ತಿರ ಕುತ್ತಿಗೆಯ ಸುತ್ತ ಒಂದು ಸಣ್ಣ ಗೆರೆ ಅದ. ತಲೆ ಬ್ಯಾರೆ, ಮೈ ಬ್ಯಾರೆ ಮಾಡಿ, ಅಲ್ಲಿ ಅಂಟು ಹಚ್ಚಿ ಕೂಡಿಸ್ಯಾರ. ಒಳಗೆಲ್ಲ ಪೊಳ್ಳು.

ಕೂಡಿಸಿ ಗೊಂಬೆ ಮಾಡುವುದು ನಮ್ಮ ಸೀಮೆಗೆ ಹೊಸದಲ್ಲ. ಕೊಪ್ಪಳದ ಹತ್ತಿರ ಕಿನ್ನಾಳ ಅದ. 1997ರವರೆಗೆ ಅದು ನಮ್ಮ ರಾಯಚೂರು ಜಿಲ್ಲೆಯೊಳಗೇ ಇತ್ತು. ಅಲ್ಲಿಯ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಗೊಂಬೆಯ ಭಾಗಗಳನ್ನು ಬ್ಯಾರೆ ಬ್ಯಾರೆ ಕೆತ್ತತಾರ. ಹುಣಸೆ ಬೀಜದ ಅಂಟಿನಿಂದ ಕೂಡಿಸತಾರ. ಸೆಣಬಿನ ಚಿಂದಿಯ ಪುಡಿಯನ್ನು ಅದೇ ಅಂಟಿನಲ್ಲಿ ಕಲಸಿ ಮೈಗೆಲ್ಲ ಮೆತ್ತತಾರ. ಅದರ ಮ್ಯಾಲೆ ಕಲ್ಲಿನ ಪುಡಿಯ ಲೇಪ. ಬಣ್ಣ ಎಲ್ಲಕ್ಕಿಂತ ಕೊನೆಗೆ.

ಹುಡುಗಿಯ ಕುದುರೆಯನ್ನು ಬಿಸಿ ನೀರಿನಲ್ಲಿ ಇಟ್ಟೆವು. ಈ ಸಲ ಕುದಿಯುವ ನೀರಲ್ಲ. ಸ್ವಲ್ಪ ಹೊತ್ತಿಗೆ ಕುತ್ತಿಗೆ ಮೆತ್ತಗಾಯಿತು. ಅರಿವೆಯಿಂದ ಹಿಡಿದು, ಮೊಂಡು ಚಾಕುವನ್ನು ಗೆರೆಯ ಗುಂಟ ಮೆಲ್ಲಗೆ ಆಡಿಸಿದೆವು. ಜಗ್ಗಲಿಲ್ಲ, ತಿರುವಿದೆವು. ತಲೆ ಕೈಗೆ ಬಂತು. ಗಟ್ಟಿ ಪ್ಲಾಸ್ಟಿಕ್ಕಿನ ಕುದುರೆ ಹೀಗೆ ಬಿಚ್ಚೋದಿಲ್ಲ, ಒಡೀತದ. ಅದರ ಗೊಡವೆ ಬ್ಯಾಡ.

ಒಳಗೆ ಹಳೆ ಕೂದಲಿನ ಗಂಟುಗಳಿದ್ದವು. ಬಾಲ ಹಿಡಿದಿದ್ದ ತಂತಿಗೆ ತುಕ್ಕು ಹತ್ತಿತ್ತು. ಎಲ್ಲ ಚಿಮಟದಿಂದ ಕಿತ್ತೆವು. ತೊಳೆದು ಎರಡು ದಿನ ಒಣಗಿಸಿದೆವು. ಹಸಿ ಇದ್ದಾಗಲೇ ಮುಚ್ಚಿದರೆ ಒಳಗೆ ಬೂಸಲು ಹಿಡೀತದ.

ಕೂದಲಿಗೆ ಸಿಂಧನೂರಿನ ಬಜಾರದಿಂದ ಕಸೂತಿಯ ರೇಷ್ಮೆ ದಾರ ತಂದೆವು. ಬಣ್ಣ ಯಾವುದು? ಹುಡುಗಿ ಹಸಿರು ಅಂದಳು. ಅವ್ವನ ಸೀರೆಯ ಬಣ್ಣವಂತೆ.

ಕೌದಿ ಹೊಲಿದ ಕೈಗಳು ನಿಮ್ಮವು, ಇದು ನಿಮಗೆ ಸಲೀಸು. ಸೂಜಿಯ ಕಣ್ಣನ್ನು ಮುಂದೆ ಮಾಡಿ ಕೂದಲಿನ ತೂತಿನೊಳಗೆ ತೂರಿಸಬೇಕು. ಕಣ್ಣು ಕುತ್ತಿಗೆಯ ಬಾಯಲ್ಲಿ ಕಂಡಾಗ ದಾರ ಪೋಣಿಸಬೇಕು. ದಾರದ ತುದಿಗೆ ಗಂಟು ಹಾಕಿ ಸೂಜಿ ವಾಪಸ್ ಎಳೀಬೇಕು. ಗಂಟು ಒಳಗೆ ಉಳೀತದ, ದಾರ ಹೊರಗೆ ಬರತದ. ಒಂದೊಂದು ತೂತಿಗೂ ಹೀಗೇ. ನಮಗೆ ಮೂರು ಸಂಜೆ ಹಿಡಿಯಿತು. ಅಜ್ಜಿಯೇ ಹೆಚ್ಚು ಪೋಣಿಸಿದಳು. ಕಣ್ಣು ಮಂಜು, ಕೈ ಮಾತ್ರ ಚುರುಕು. ಕೊನೆಗೆ ಗಂಟುಗಳಿಗೆ ಒಳಗಿನಿಂದ ಅಂಟು ಹಚ್ಚಿದೆವು.

ಕಣ್ಣು ಬರೆಯಲು ಮನೆಯ ಬಾಗಿಲಿಗೆ ಹಚ್ಚಿ ಉಳಿದ ಹಳೆ ಬಣ್ಣ ತಂದಿದ್ದರು. ಅದು ಬ್ಯಾಡ ಅಂದೆವು. ಹಳೆ ಬಣ್ಣದಲ್ಲಿ ಸೀಸ ಇರಬಹುದು. ಕೂಸು ಬಾಯಿಗೆ ಹಾಕಿದರೆ ಸೀಸ ಮೈಗೆ ಸೇರತದ, ಬುದ್ಧಿ ಬೆಳೆಯುವುದಕ್ಕೆ ಅಡ್ಡಿ ಆಗತದ. ಮನೆಗೆ ಹಚ್ಚುವ ಬಣ್ಣದ ಹತ್ತು ಲಕ್ಷ ಪಾಲಿನಲ್ಲಿ ಸೀಸ 90 ಪಾಲಿಗಿಂತ ಹೆಚ್ಚು ಇರಬಾರದು ಅಂತ ಸರಕಾರದ ನಿಯಮ ಅದ. 2017ರ ನವೆಂಬರಿನಿಂದ ಅದು ಜಾರಿಗೆ ಬಂತು. ಅದಕ್ಕಿಂತ ಹಳೆಯ ಡಬ್ಬಿ ನಂಬಬ್ಯಾಡ್ರಿ. ಮಕ್ಕಳ ಆಟದ ಸಾಮಾನಿಗೆ ಆಗತದೋ ಇಲ್ಲೋ ಡಬ್ಬಿ ಮ್ಯಾಲೆ ಓದಿ, ಅಂಥ ಬಣ್ಣವನ್ನೇ ತರ್ರಿ. ಓದಲಿಕ್ಕೆ ಈಗ ಬರತದಲ್ಲ! ಬಾಯಿಗೆ ಹಾಕುವ ಸಣ್ಣ ಕೂಸಿನ ಕೈಗೆ ಈ ಕುದುರೆ ಕೊಡಬ್ಯಾಡ್ರಿ. ದಾರ ಕಿತ್ತು ಬಂದರೆ ಗಂಟಲಿಗೆ ಸಿಗತದ.

ಕಣ್ಣು ಒಣಗಿದ ಮೇಲೆ ಕುತ್ತಿಗೆಗೆ ಅಂಟು ಹಚ್ಚಿ ಒತ್ತಿದೆವು. ಅರಿವೆ ಸುತ್ತಿ ಒಂದು ರಾತ್ರಿ ಬಿಟ್ಟೆವು. ಒಂದು ಕಣ್ಣು ತುಸು ದೊಡ್ಡದಾಗ್ಯದ, ನೀವೇ ನೋಡ್ರಿ.

ಪಂಚಮಿಗೆ ಅವ್ವ ಊರಿಗೆ ಬಂದಳು. "ಈ ಕುದುರಿ ಯಾರು ಕೊಡಿಸಿದರು?" ಅಂತ ಮಗಳನ್ನು ಕೇಳಿದಳು.

"ನೀನೇ ತಂದಿದ್ದಲ್ಲ, ಯವ್ವಾ" ಅಂದಳು ಹುಡುಗಿ.

ಈಗ ಇದು ಒಬ್ಬರ ಕೈಯಿಂದ ಒಬ್ಬರ ಕೈಗೆ ಹೋಗಲಿ. ಕುತ್ತಿಗೆಯ ಗೆರೆ ಎಲ್ಲದ ಹುಡುಕ್ರಿ. ಕೂದಲು ಜಗ್ಗಬ್ಯಾಡ್ರಿ. ಸಂಜೀಕೆ ವಾಪಸ್ ಕೊಡತೀವಿ ಅಂತ ಆ ಹುಡುಗಿಗೆ ಮಾತು ಕೊಟ್ಟು ತಂದೀವಿ.