ಶಿಲ್ಪಿಯ ಮನೆಯ ಕರಣಿಕ

ಕಲಾವಿದರ ಚರಿತ್ರೆಯನ್ನು ಓದುವಾಗ ನಮ್ಮ ಗಮನ ಸಹಜವಾಗಿಯೇ ಕೃತಿಯ ಮೇಲೆ, ಕೃತಿಯನ್ನು ಮಾಡಿದ ಕೈಯ ಮೇಲೆ ನಿಲ್ಲುತ್ತದೆ. ಆದರೆ ಹೆಸರಾಂತ ಶಿಲ್ಪಿಯೊಬ್ಬನ ಕಾರ್ಯಾಗಾರವೆಂದರೆ ಉಳಿಯ ಸದ್ದು ಕೇಳುವ ಜಾಗ ಮಾತ್ರವಲ್ಲ. ಅಲ್ಲಿಗೆ ಅಮೃತಶಿಲೆ ಬರಬೇಕು, ಅದರ ಬೆಲೆ ಸಲ್ಲಬೇಕು. ಎರಕದವನಿಗೆ ಅಚ್ಚು ಹೋಗಬೇಕು. ಕೊಂಡವನಿಗೆ ವಿಗ್ರಹ ತಲುಪಬೇಕು. ಬಂದ ಕಾಗದಗಳಿಗೆಲ್ಲ ಉತ್ತರ ಹೋಗಬೇಕು. ಇದನ್ನು ನೋಡಿಕೊಳ್ಳುವವನೊಬ್ಬ ಅಲ್ಲೆಲ್ಲೋ ಒಂದು ಮೇಜಿನ ಮುಂದೆ ಕುಳಿತಿರುತ್ತಾನೆ. ಹಿಂದಿನವರು ಅವನನ್ನು ಕರಣಿಕನೆಂದರು; ನಾವು ಕಾರ್ಯದರ್ಶಿ ಎನ್ನುತ್ತೇವೆ, ಮ್ಯಾನೇಜರು ಎನ್ನುತ್ತೇವೆ. ಸಾಮಾನ್ಯವಾಗಿ ಅವನ ಹೆಸರು ಉಳಿಯುವುದಿಲ್ಲ. ಹಾಗೆ ಉಳಿದ ಒಂದು ಹೆಸರನ್ನು ಕುರಿತು ಈ ಹೊತ್ತು ತಮ್ಮೊಡನೆ ಮಾತನಾಡಬೇಕೆಂದಿದ್ದೇನೆ. ಶಿಲ್ಪಿ ಫ್ರಾನ್ಸಿನ ಆಗುಸ್ಟ್ ರೋದಾ. ಅವನ ಕರಣಿಕ ಜರ್ಮನ್ ಭಾಷೆಯ ಕವಿ ರೈನರ್ ಮಾರಿಯಾ ರಿಲ್ಕೆ.

ರೋದಾ ಹುಟ್ಟಿದ್ದು 1840ರಲ್ಲಿ, ರಿಲ್ಕೆ 1875ರಲ್ಲಿ. ತಂದೆ ಮಗನಷ್ಟು ಅಂತರ. ರಿಲ್ಕೆಯ ಪತ್ನಿ ಕ್ಲಾರಾ ವೆಸ್ಟ್‌ಹಾಫ್ ಸ್ವತಃ ಶಿಲ್ಪಿ, ರೋದಾನ ಬಳಿ ಕಲಿತಿದ್ದವಳು. ರೋದಾನ ಬಗ್ಗೆ ಒಂದು ಪುಸ್ತಕ ಬರೆಯಲೆಂದು 1902ರಲ್ಲಿ ರಿಲ್ಕೆ ಪ್ಯಾರಿಸಿಗೆ ಬಂದನು. ಪುಸ್ತಕ ಮರುವರ್ಷವೇ ಹೊರಬಂದಿತು. ಆದರೆ ಆ ತರುಣನಿಗೆ ಬೇಕಾಗಿದ್ದುದು ಪುಸ್ತಕದ ಸಾಮಗ್ರಿಗಿಂತ ಹೆಚ್ಚಿನದು. ಕಲಾವಿದನಾದವನು ಬದುಕಬೇಕಾದುದು ಹೇಗೆ ಎಂದು ಅವನು ಕೇಳಿದನು. ಕೆಲಸ ಮಾಡುತ್ತ ಬದುಕಬೇಕು ಎಂಬುದು ರೋದಾನ ಉತ್ತರವಾಗಿತ್ತು.

ನಮ್ಮ ಆಲಂಕಾರಿಕರು ಕಾವ್ಯಕ್ಕೆ ಪ್ರತಿಭೆ, ವ್ಯುತ್ಪತ್ತಿ, ಅಭ್ಯಾಸ ಎಂದು ಮೂರು ಹೇತುಗಳನ್ನು ಹೇಳಿದ್ದಾರೆ. ಎಂ.ಎ. ತರಗತಿಗೆ ಕಾವ್ಯಮೀಮಾಂಸೆಯ ಪಾಠ ಹೇಳುವಾಗ ನಾನು ಕಂಡಂತೆ ವಿದ್ಯಾರ್ಥಿಗಳು ಪ್ರತಿಭೆಯನ್ನು ಕೂಡಲೇ ಒಪ್ಪುತ್ತಿದ್ದರು, ವ್ಯುತ್ಪತ್ತಿಯನ್ನು ಗೌರವದಿಂದ ಒಪ್ಪುತ್ತಿದ್ದರು. ಅಭ್ಯಾಸವನ್ನು ಒಪ್ಪಿಸುವುದು ಮಾತ್ರ ಕಷ್ಟವಾಗುತ್ತಿತ್ತು. ರಿಲ್ಕೆಯೂ ಸ್ಫೂರ್ತಿಗಾಗಿ ಕಾದು ಕುಳಿತಿರುತ್ತಿದ್ದ ಕವಿಯೇ. ದಿನವೂ ಹೊತ್ತಿಗೆ ಸರಿಯಾಗಿ ಎದ್ದು ಜೇಡಿಮಣ್ಣಿಗೆ ಕೈಯಿಡುವ ವೃದ್ಧನನ್ನು ಕಂಡಾಗ ಅವನಿಗೆ ಅಭ್ಯಾಸವೆಂಬುದು ಮೊದಲ ಸಲ ಕಣ್ಣಿಗೆ ಕಾಣುವ ವಸ್ತುವಾಯಿತು.

1905ರ ಸೆಪ್ಟೆಂಬರಿನಲ್ಲಿ ಅವನು ಮತ್ತೆ ಬಂದನು. ಪ್ಯಾರಿಸಿನ ಹೊರವಲಯದ ಮ್ಯೂದಾನ್ ಎಂಬಲ್ಲಿ ರೋದಾನ ಮನೆ. ಆ ಮನೆಯ ತೋಟದ ಪುಟ್ಟ ಕಟ್ಟಡದಲ್ಲಿ ವಾಸ, ತಿಂಗಳಿಗೆ 200 ಫ್ರಾಂಕ್ ಸಂಬಳ, ಬೆಳಿಗ್ಗೆ 2 ಗಂಟೆಗಳ ಪತ್ರವ್ಯವಹಾರ. ಉಳಿದ ಹೊತ್ತು ಕವಿಯದು. ಕೇಳಿದರೆ ಯಾವ ಬಡ ಕವಿಗಾದರೂ ಆಸೆ ಹುಟ್ಟಿಸುವಂಥ ಒಪ್ಪಂದ.

ಆದರೆ ಆ ಕಾರ್ಯಾಗಾರ ಎಂಥದೆಂಬುದನ್ನು ನೋಡಬೇಕು. 1900ರ ಪ್ಯಾರಿಸ್ ಮಹಾಪ್ರದರ್ಶನದ ವೇಳೆ ರೋದಾ ತನ್ನದೇ ಮಂಟಪವೊಂದನ್ನು ಕಟ್ಟಿಸಿ ಕೃತಿಗಳನ್ನು ತೋರಿಸಿದ ಮೇಲೆ ಅವನ ಕೀರ್ತಿ ದೇಶದೇಶಗಳಿಗೆ ಹಬ್ಬಿತ್ತು. ಆ ಮಂಟಪವನ್ನೇ ಬಿಚ್ಚಿ ತಂದು ಮ್ಯೂದಾನ್‌ನಲ್ಲಿ ನಿಲ್ಲಿಸಿದ್ದರು. ಪ್ಯಾರಿಸಿನೊಳಗೆ ಸರ್ಕಾರ ಕೊಟ್ಟ ಕಾರ್ಯಾಗಾರ ಬೇರೆ. ರೋದಾನ ಕೈ ಮುಖ್ಯವಾಗಿ ಆಡುತ್ತಿದ್ದುದು ಮಣ್ಣಿನಲ್ಲಿ. ಮಣ್ಣಿನ ಮಾದರಿಯನ್ನು ಗಾರೆಗೆ ಇಳಿಸುವವರು, ಅದನ್ನು ಅಳತೆ ಹಿಡಿದು ದೊಡ್ಡದು ಮಾಡುವವರು, ಅಮೃತಶಿಲೆಯಲ್ಲಿ ಕಡೆಯುವವರು, ಕಂಚಿನಲ್ಲಿ ಎರಕ ಹೊಯ್ಯುವವರು ಬೇರೆ ಬೇರೆ. ಹೀಗಾಗಿ ಒಂದು ಪ್ರತಿಮೆ ಪೂರ್ಣವಾಗಬೇಕಾದರೆ ಅದು ನಾಲ್ಕಾರು ಕೈ ದಾಟಬೇಕು. ಪ್ರತಿ ದಾಟಿಗೂ ಒಂದು ಪತ್ರ, ಒಂದು ಲೆಕ್ಕ. ಇವುಗಳ ಮೇಲೆ ಪ್ರದರ್ಶನದ ಆಹ್ವಾನಗಳು, ಕೊಳ್ಳುವವರ ವಿಚಾರಣೆಗಳು, ಅಭಿಮಾನಿಗಳ ಸ್ತೋತ್ರಗಳು.

ಇದಕ್ಕೆಲ್ಲ ಉತ್ತರ ಬರೆಯಬೇಕಾಗಿದ್ದುದು ಫ್ರೆಂಚ್ ಭಾಷೆಯಲ್ಲಿ, ರಿಲ್ಕೆಗೆ ತಾಯ್ನುಡಿಯಲ್ಲದ ಭಾಷೆಯಲ್ಲಿ. ಬೆಳಗಿನ 2 ಗಂಟೆ ಮಧ್ಯಾಹ್ನವನ್ನು ನುಂಗಿತು. ಕೆಲಸವೆಂದರೆ ಪೂಜೆಯೆಂದು ಯಾವ ಗುರುವಿನಿಂದ ಕಲಿತನೋ ಆ ಗುರುವಿನ ಟಪಾಲೇ ಶಿಷ್ಯನ ಕೆಲಸಕ್ಕೆ ಅಡ್ಡ ಬಂದಿತು.

ಹಾಗೆಂದು ಆ ತಿಂಗಳುಗಳು ಬರಡಾಗಲಿಲ್ಲ. ಅವನ ಕಿಟಕಿಯ ಕೆಳಗೆ, ತೋಟದ ದಿಬ್ಬದ ಮೇಲೆ, ಜಾವಾದ ಬೊರೊಬುದೂರಿನ ಬುದ್ಧನ ಅಚ್ಚುಪ್ರತಿಮೆಯೊಂದು ಕುಳಿತಿತ್ತು. ಕಾಗದಗಳಿಂದ ತಲೆಯೆತ್ತಿದಾಗಲೆಲ್ಲ ಕಾಣುತ್ತಿದ್ದ ಆ ಮೌನಮೂರ್ತಿಯನ್ನು ಕುರಿತು ಅವನು 1905ರ ಕೊನೆಯಲ್ಲಿ ಕವಿತೆ ಬರೆದನು. ಮುಂದೆ 1908ರಲ್ಲಿ ಬಂದ ಸಂಕಲನ ಮುಗಿಯುವುದೂ ಬುದ್ಧನ ಮೇಲಣ ಕವಿತೆಯಿಂದಲೇ. 1906ರ ಏಪ್ರಿಲಿನಲ್ಲಿ ಬರ್ನಾರ್ಡ್ ಷಾ ತನ್ನ ಮುಖಪ್ರತಿಮೆ ಮಾಡಿಸಿಕೊಳ್ಳಲು ಮ್ಯೂದಾನ್‌ಗೆ ಬರತೊಡಗಿದಾಗ ಮಣ್ಣಿನ ಮುದ್ದೆ ಮುಖವಾಗುವ ಕ್ರಮವನ್ನು ರಿಲ್ಕೆ ಹತ್ತಿರದಿಂದ ನೋಡಿದನು. ಅದೇ ತಿಂಗಳ 21ರಂದು ‘ಚಿಂತಕ’ ಪ್ರತಿಮೆ ಪ್ಯಾರಿಸಿನ ಪಾಂಥಿಯೋನ್ ಮುಂದೆ ಅನಾವರಣಗೊಂಡಿತು. ಗುರುವಿನ ಕೀರ್ತಿ ನೆತ್ತಿಗೇರಿದ್ದ ಕಾಲ ಅದು.

ಮೂರು ವಾರ ಕಳೆಯಲಿಲ್ಲ, ಕರಣಿಕನ ಕೆಲಸ ಹೋಯಿತು. ಕಾರಣ ಎರಡು ಕಾಗದಗಳು. ಒಂದು ಜರ್ಮನಿಯ ಉದ್ಯಮಪತಿಗಳಾದ ತೈಸೆನ್ ಮನೆತನದ್ದು. ಇನ್ನೊಂದು ಇಂಗ್ಲೆಂಡಿನ ಚಿತ್ರಕಾರ ವಿಲಿಯಂ ರೋಥೆನ್‌ಸ್ಟೈನನದು. 1912ರಲ್ಲಿ ರವೀಂದ್ರನಾಥರನ್ನು ಲಂಡನ್ನಿನ ಸಾಹಿತಿಗಳಿಗೆ ಪರಿಚಯಿಸಿದ ರೋಥೆನ್‌ಸ್ಟೈನ್ ಈತನೇ. ತನಗೆ ತಿಳಿಸದೆ ಇವುಗಳ ವ್ಯವಹಾರ ನಡೆಸಿದನೆಂದು ರೋದಾ ಸಿಟ್ಟಿಗೆದ್ದನು. ಅಂದೇ ಮನೆ ಬಿಡಿಸಿದನು. ಕಳವು ಮಾಡಿದ ಆಳನ್ನು ಅಟ್ಟುವಂತೆ ತನ್ನನ್ನು ಅಟ್ಟಿದುದಕ್ಕೆ ರಿಲ್ಕೆ ನೊಂದು ಬರೆದನು. ರೋಥೆನ್‌ಸ್ಟೈನನಿಗೆ ತನ್ನನ್ನು ಸ್ನೇಹಿತನೆಂದು ಪರಿಚಯಿಸಿದವನು ರೋದಾನೇ ಅಲ್ಲವೆ, ಸ್ನೇಹಿತನಿಗೆ ಬಂದ ಪತ್ರಕ್ಕೆ ಸ್ನೇಹಿತ ಉತ್ತರಿಸಿದನು ಎಂಬುದು ಅವನ ಸಮರ್ಥನೆ.

ತಪ್ಪು ಯಾರದು? ಈ ಪ್ರಶ್ನೆಯನ್ನು ನಾನು ಬಹಳ ಸಲ ಕೇಳಿಕೊಂಡಿದ್ದೇನೆ. ಕಾರ್ಯದರ್ಶಿಯ ಪತ್ರದಲ್ಲಿ ಕೈ ಒಬ್ಬನದು, ಮಾತು ಮತ್ತೊಬ್ಬನದು. ಹೀಗೆ ತನ್ನ ದನಿಯನ್ನು ಪರರ ದನಿಗೆ ಒಪ್ಪಿಸಿ ಕುಳಿತುಕೊಳ್ಳುವುದೇ ಆ ವೃತ್ತಿಯ ಶೀಲ. ಅದು ಕೀಳಾದ ಗುಣವಲ್ಲ. ನಮ್ಮ ಕಚೇರಿಗಳಲ್ಲಿ, ಮುದ್ರಣಾಲಯಗಳಲ್ಲಿ, ರಂಗಸಂಸ್ಥೆಗಳಲ್ಲಿ ಎಷ್ಟೋ ಮಂದಿ ಅದನ್ನು ಜೀವನಪೂರ್ತಿ ಪಾಲಿಸಿ ಸದ್ದಿಲ್ಲದೆ ನಿವೃತ್ತರಾಗಿದ್ದಾರೆ. ರಿಲ್ಕೆಯ ಸ್ವಭಾವ ಬೇರೆಯದು. ಅವನು ಹುಟ್ಟು ಪತ್ರಕಾರ. ಜೀವಮಾನದಲ್ಲಿ ಸಾವಿರಾರು ಪತ್ರಗಳನ್ನು ಬರೆದವನು. ಕಾಗದ ಬರೆದ ಪ್ರತಿಯೊಬ್ಬನೂ ಅವನಿಗೆ ಒಬ್ಬ ಮನುಷ್ಯನಾಗಿ ಕಾಣುತ್ತಿದ್ದನು. ಆ ಗುಣದಿಂದಲೇ ಅವನು ಒಳ್ಳೆಯ ಕರಣಿಕನಾಗಿದ್ದಿರಬೇಕು. ಆ ಗುಣದಿಂದಲೇ ಎಲ್ಲೆಯನ್ನೂ ದಾಟಿದನು. ಇತ್ತ ರೋದಾ, ಸ್ನೇಹವನ್ನೂ ಸಂಬಳವನ್ನೂ ಒಂದೇ ಮನುಷ್ಯನಿಗೆ ಕೊಟ್ಟು, ಯಾವುದು ಎಲ್ಲಿ ಮುಗಿಯುತ್ತದೆಂದು ಹೇಳಲಿಲ್ಲ. ಹೇಳದೆ ಬಿಟ್ಟ ಆ ಗೆರೆಯಲ್ಲಿ ಎಡವಿದವನು ಮಾತ್ರ ನೌಕರ. ಒಡೆಯ ಎಡವುವುದಿಲ್ಲ.

ರಿಲ್ಕೆ ಪ್ಯಾರಿಸಿನ ಬಾಡಿಗೆಯ ಕೋಣೆಯೊಂದಕ್ಕೆ ಹೋಗಿ ಬರೆಯಲು ಕುಳಿತನು. 1907ರಲ್ಲಿ ‘ಹೊಸ ಕವಿತೆಗಳು’ ಸಂಕಲನದ ಮೊದಲ ಭಾಗ ಬಂದಿತು. ಆ ವರ್ಷದ ಕೊನೆಯ ವೇಳೆಗೆ ರೋದಾನಿಂದ ಪತ್ರ ಬಂದು ಮನಸ್ತಾಪ ಕಳೆಯಿತು. 1908ರ ಎರಡನೆಯ ಭಾಗವನ್ನು ರಿಲ್ಕೆ ರೋದಾನಿಗೇ ಅರ್ಪಿಸಿದನು, ದೊಡ್ಡ ಗೆಳೆಯನೆಂದು ಕರೆದು.

ಅದೇ 1908ರ ಆಗಸ್ಟಿನಲ್ಲಿ ಅವನು ಮಾಡಿದ ಇನ್ನೊಂದು ಸಣ್ಣ ಕೆಲಸವನ್ನು ವಿಶೇಷವಾಗಿ ನೆನೆಯಬೇಕು. ಪ್ಯಾರಿಸಿನ ಹೋಟೆಲ್ ಬಿರೋನ್ ಎಂಬ ಹದಿನೆಂಟನೆಯ ಶತಮಾನದ ಮಹಲು ಆಗ ಕೋಣೆಕೋಣೆಯಾಗಿ ಕಲಾವಿದರಿಗೆ ಬಾಡಿಗೆಗೆ ಸಿಗುತ್ತಿತ್ತು. ಕ್ಲಾರಾ ಅಲ್ಲಿದ್ದಳು, ಅವಳ ಕೋಣೆಗೆ ರಿಲ್ಕೆ ಬಂದನು. ತಾನು ಕಂಡ ಆ ಎತ್ತರದ ಕೋಣೆಗಳನ್ನೂ ಕಾಡುಬೆಳೆದ ತೋಟವನ್ನೂ ಬಂದು ನೋಡುವಂತೆ ರೋದಾನಿಗೆ ಒಂದು ಕಾಗದ ಬರೆದನು. ರೋದಾ ಬಂದನು, ಮೆಚ್ಚಿದನು, ನೆಲಮಹಡಿಯ ಕೋಣೆಗಳನ್ನು ಹಿಡಿದನು. ಮಹಲು ಸರ್ಕಾರದ ವಶವಾದಾಗ, ಅದನ್ನು ತನ್ನ ಹೆಸರಿನ ಸಂಗ್ರಹಾಲಯ ಮಾಡುವುದಾದರೆ ತನ್ನ ಸರ್ವಸ್ವವನ್ನೂ ದೇಶಕ್ಕೆ ಕೊಡುತ್ತೇನೆಂದನು. 1916ರಲ್ಲಿ ದಾನ ನೆರವೇರಿತು. 1917ರಲ್ಲಿ ರೋದಾ ತೀರಿಕೊಂಡನು. 1919ರಲ್ಲಿ ಸಂಗ್ರಹಾಲಯ ತೆರೆಯಿತು. ಇಂದಿಗೂ ಅದು ಅಲ್ಲಿಯೇ ಇದೆ. ಸಂಬಳವಿಲ್ಲದೆ, ಅಪ್ಪಣೆಯಿಲ್ಲದೆ, ಕೆಲಸ ಕಳೆದುಕೊಂಡ ಮೇಲೆ ಬರೆದ ಆ ಒಂದು ಕಾಗದ, ಮ್ಯೂದಾನ್‌ನಲ್ಲಿ ಬರೆದ ಅಷ್ಟೂ ಕಾಗದಗಳಿಗಿಂತ ಹೆಚ್ಚಿನ ಕಾರ್ಯ ಸಾಧಿಸಿತು.

ರಿಲ್ಕೆಯ ಸ್ವಂತ ಕಡತಗಳಿಗೆ ಅಂಥ ಭಾಗ್ಯವಿರಲಿಲ್ಲ. 1914ರಲ್ಲಿ ಯುದ್ಧ ಆರಂಭವಾದಾಗ ಅವನು ಜರ್ಮನಿಯಲ್ಲಿದ್ದನು; ಪ್ಯಾರಿಸಿಗೆ ಹಿಂತಿರುಗುವಂತಿರಲಿಲ್ಲ. ಬಾಡಿಗೆ ಸಲ್ಲಲಿಲ್ಲವೆಂದು 1915ರಲ್ಲಿ ಅಲ್ಲಿದ್ದ ಅವನ ಸಾಮಾನುಗಳನ್ನು ಹರಾಜು ಹಾಕಿದರು. ಕಾಗದಪತ್ರಗಳಲ್ಲಿ ಒಂದಿಷ್ಟು ಗೆಳೆಯರ ಪ್ರಯತ್ನದಿಂದ ಉಳಿದವು. ಪರರ ಕಾಗದಗಳನ್ನು ಒಪ್ಪವಾಗಿಟ್ಟವನ ಕಾಗದಗಳನ್ನು ಒಪ್ಪವಾಗಿಡಲು ಆಗ ಯಾರೂ ಇರಲಿಲ್ಲ.

ಕವಿಯಾದ್ದರಿಂದ ಈ ಕರಣಿಕನ ಕತೆ ನಮಗೆ ತಿಳಿಯಿತು. ಕವಿಗಳಲ್ಲದ ಕರಣಿಕರು ಲೋಕದ ಕಾರ್ಯಾಗಾರಗಳಲ್ಲಿ ಬಹಳ ಮಂದಿ ಆಗಿಹೋಗಿದ್ದಾರೆ. ಒಂದು ಒಳ್ಳೆಯ ಪ್ರತಿಮೆಯ ಮುಂದೆ, ಒಂದು ಒಳ್ಳೆಯ ನಾಟಕದ ಕೊನೆಯಲ್ಲಿ ನಾವು ಕೈಜೋಡಿಸುವಾಗ ಅದರಲ್ಲೊಂದು ಪಾಲು ಅವರಿಗೂ ಸಲ್ಲಲಿ.