ಅಟ್ಟದ ಮೇಲಿನ ಮರವನ್ನು ಒಮ್ಮೆ ನೋಡಿ
(ಗ್ರಾಮಸೇವಕರು ಹಳ್ಳಿಯ ಸಭೆಯೊಂದರಲ್ಲಿ ಮಾಡಿದ ಭಾಷಣ)



ಗ್ರಾಮಸೇವಕ ಬಂದನೆಂದರೆ ಭತ್ತದ ತಳಿ, ಗೊಬ್ಬರ, ಔಷಧಿ ಇವೇ ಮಾತುಗಳೆಂದು ತಾವು ತಿಳಿದಿರುವುದು ಸಹಜ. ಈ ದಿನ ಗದ್ದೆಯ ಮಾತನ್ನು ಬದಿಗಿಟ್ಟು ಚಾವಡಿಯ ಮಾತನ್ನು ಆಡಬೇಕೆಂದಿದ್ದೇನೆ. ಗದ್ದೆಯಲ್ಲಿ ಬಂದ ಹಣ ಚಾವಡಿಯಲ್ಲಿ ಹೋಗುತ್ತಿರುವುದನ್ನು ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳ್ಳಿಗಳಲ್ಲಿ ತಿರುಗುವಾಗ ಕಾಣುತ್ತಿದ್ದೇನೆ. ಮಗಳ ಮದುವೆಯ ಮಾತು ಎದ್ದಿತೆಂದರೆ, ಮನೆಯ ಒಕ್ಕಲು ಹತ್ತಿರ ಬಂತೆಂದರೆ, ಮೊದಲು ಸೋಫಾ ಬರಬೇಕು, ಕಪಾಟು ಬರಬೇಕು. ಕೈಯಲ್ಲಿ ದುಡ್ಡಿಲ್ಲದಿದ್ದರೆ ಕಂತಿನ ಮೇಲೆ.

ಇತರರನ್ನು ಹೇಳುವ ಮೊದಲು ನಮ್ಮ ಮನೆಯ ಕಥೆಯನ್ನೇ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬರುವುದೆಂದಾಯಿತು. ಅಜ್ಜನ ಕಾಲದ ಹಲಸಿನ ಹಲಗೆಯ ಅಕ್ಕಿ ಪೆಟ್ಟಿಗೆ ಚಾವಡಿಯ ಅರ್ಧ ಜಾಗ ಹಿಡಿದಿತ್ತು. ಡಿಪ್ಲೊಮಾ ಮುಗಿಸಿ ಬಂದಿದ್ದ ನನಗೆ ಅದು ನಾಚಿಕೆಯಾಗಿ ಕಂಡಿತು. ಗುಜರಿಯವನಿಗೆ 1,500 ರೂಪಾಯಿಗೆ ಕೊಟ್ಟುಬಿಟ್ಟೆ. ಏಪ್ರಿಲಿನಲ್ಲಿ 18 ಕಂತಿನ ಮೇಲೆ ಸೋಫಾ, ಕಪಾಟು ತಂದೆವು. ಅಮ್ಮ ಕಪಾಟಿನ ಬಾಗಿಲನ್ನು ಬೆರಳಿನಿಂದ ತಟ್ಟಿ, "ಇದ್ ಮಳಿ ತಡೂದಿಲ್ಲ ಮಗಾ" ಎಂದರು. ನಾನು ಕಿವಿಗೊಡಲಿಲ್ಲ. ಬಂದ ನೆಂಟರೋ, ಸೆಖೆಯೆಂದು ಹೊರಗಿನ ಜಗಲಿಯಲ್ಲಿಯೇ ಕುಳಿತು ಕಾಫಿ ಕುಡಿದು ಹೋದರು. ಸೋಫಾದ ಮೇಲೆ ಯಾರೂ ಕೂರಲಿಲ್ಲ. ಸಂಬಂಧವೇನೋ ಕೂಡಿಬಂತು, ಅದು ಅಕ್ಕನ ಗುಣದಿಂದ. ಎರಡನೆಯ ವರ್ಷದ ಆಸಾಡಿಯ ಮಳೆಗೆ ಕಪಾಟಿನ ಬುಡ ಹಪ್ಪಳದಂತೆ ಉಬ್ಬಿ, ತಿರುಪುಗಳು ಕಳಚಿ ಬಿದ್ದವು. ಆಗ ಇನ್ನೂ 3 ಕಂತು ಬಾಕಿ ಇತ್ತು.

ಇದಕ್ಕೆ ಕಾರಣವನ್ನು ತಿಳಿಯಬೇಕು. ಆ ಕಪಾಟು ಮರದ ಹುಡಿಯನ್ನು ಅಂಟಿನಲ್ಲಿ ಕಲಸಿ ಒತ್ತಿ ಮಾಡಿದ ಹಲಗೆಯದು. ಮೇಲೆ ತೆಳುವಾದ ಹೊದಿಕೆ ಇರುತ್ತದೆ, ಅಂಚಿನಲ್ಲಿ ಬಿರುಕಾದರೆ ನೀರಿನ ಪಸೆ ಒಳಗೆ ಸೇರಿ ಹುಡಿ ಉಬ್ಬುತ್ತದೆ. ಒಮ್ಮೆ ಉಬ್ಬಿದ್ದು ಒಣಗಿದರೂ ಮೊದಲಿನಂತಾಗುವುದಿಲ್ಲ. ಒಣ ಊರುಗಳಲ್ಲಿ ಅದು ಬಾಳೀತು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ. ಹಲಸಿನ ಮರದ ಹಳದಿ ತಿರುಳಾದರೋ ಈ ಮಳೆಯಲ್ಲೇ ಬೆಳೆದದ್ದು. ಒರಲೆಯೂ ಅದನ್ನು ಸುಲಭವಾಗಿ ಮುಟ್ಟುವುದಿಲ್ಲ. ಆದರೆ ತಿರುಳಿನ ಸುತ್ತಲಿನ ಬಿಳಿ ಭಾಗಕ್ಕೆ ಈ ಗುಣವಿಲ್ಲ, ಕೊಳ್ಳುವಾಗ ಇದನ್ನು ನೆನಪಿಡಿ.

ಈಗ ನಮ್ಮಲ್ಲಿ ಹಂಚಿನ ಮನೆಗಳನ್ನು ಕೆಡವಿ ತಾರಸಿ ಮನೆ ಕಟ್ಟುವುದು ಹೆಚ್ಚಾಗಿದೆ. ಹೆದ್ದಾರಿ 66 ಅಗಲವಾದಾಗಲೂ ರಸ್ತೆಬದಿಯ ಎಷ್ಟೋ ಕಟ್ಟಡಗಳು ಹೋದವು. ಬೆಂಗಳೂರು, ಮುಂಬಯಿಗಳಲ್ಲಿ ಹೋಟೆಲು ನಡೆಸುವವರ ಮನೆಗಳಿಗೆ ಬೀಗ ಬಿದ್ದಿದೆ. ಈ ಮನೆಗಳ ಪಕಾಸು, ದಾರಂದ, ಕಿಟಕಿ, ಬೆಂಚು, ಮಂಚ ಎಲ್ಲವೂ ಸೌದೆಯ ಬೆಲೆಗೆ ಹೋಗುತ್ತಿವೆ. ಇವುಗಳ ಬೆಲೆ ತಿಳಿದವರೂ ಇದ್ದರು. ಮಣಿಪಾಲದ ವಿಜಯನಾಥ ಶೆಣೈಯವರು (1934–2017) ಕೆಡವಲು ಹೊರಟ ಹಳೆಯ ಮನೆಗಳನ್ನು ಬಿಚ್ಚಿಸಿ ತಂದು, ಹಸ್ತಶಿಲ್ಪ ಪರಂಪರೆ ಗ್ರಾಮದಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ನಮ್ಮ ಕಡೆಯ ಹರ್ಕೂರಿನ ಮನೆಯೂ ಅವುಗಳಲ್ಲಿ ಒಂದು. ನಾವು ಸೌದೆಯೆಂದದ್ದನ್ನು ಜನ ಈಗ ಟಿಕೇಟು ಕೊಟ್ಟು ನೋಡುತ್ತಾರೆ.

ಹಳೆಯದನ್ನು ಕೊಳ್ಳುವಾಗ ಎತ್ತನ್ನು ಕೊಳ್ಳುವಷ್ಟೇ ಜಾಗ್ರತೆ ಬೇಕು. ಹಗಲಿನಲ್ಲಿ ನೋಡಿ, ದೀಪದ ಬೆಳಕಿನಲ್ಲಿ ಬೇಡ. ಕಾಲುಗಳನ್ನು ಮೇಲೆ ಮಾಡಿ ಬುಡಕ್ಕೆ ಮೊಳೆಯಿಂದ ಚುಚ್ಚಿ ನೋಡಿ, ಮೊಳೆ ಸಲೀಸಾಗಿ ಇಳಿದರೆ ಬಿಟ್ಟುಬಿಡಿ. ತೂತುಗಳಿದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಕಪ್ಪಾಗಿ ಧೂಳು ಕೂತ ತೂತು ಹಳೆಯದು, ಹುಳು ಹೋಗಿ ಎಷ್ಟೋ ಕಾಲವಾಗಿರಬಹುದು. ತೂತು ಬೆಳ್ಳಗಿದ್ದು ಕೆಳಗೆ ಗೋಧಿ ಹಿಟ್ಟಿನಂಥ ಹುಡಿ ಉದುರುತ್ತಿದ್ದರೆ ಹುಳು ಒಳಗೇ ಇದೆ. ಅಂಥದನ್ನು ಪುಕ್ಕಟೆ ಕೊಟ್ಟರೂ ಮನೆಯೊಳಗೆ ತರಬೇಡಿ, ಒಳ್ಳೆಯ ಮರಕ್ಕೂ ಹಬ್ಬೀತು. ಹಾಸಿಗೆ, ಮೆತ್ತೆಗಳನ್ನು ಮಾತ್ರ ಹಳೆಯದು ಕೊಳ್ಳಲೇಬೇಡಿ. ಒಮ್ಮೆ ತಿಗಣೆ ಹೊಕ್ಕರೆ ಉಳಿಸಿದ ಹಣದ ಹತ್ತು ಪಾಲು ಹೋಗುತ್ತದೆ. ಮಾರಿದವರಿಂದ ಒಂದು ರಸೀದಿ ಬರೆಸಿಕೊಳ್ಳಿ. ಬೀಟೆ, ಸಾಗುವಾನಿಯಾದರೆ ಸಾಗಿಸುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಲೇಸು.

ಕಪಾಟಿನಿಂದ ಬುದ್ಧಿ ಕಲಿತ ಮೇಲೆ ನಾನು ಒಂದು ಬೆಂಚು ಮಾಡಿಸಿದೆ. ಕೆಡವಿದ ಮನೆಯ ಪಕಾಸುಗಳಿಗೆ 1,500, ಆಚಾರ್ರ ಎರಡು ದಿನದ ಕೂಲಿ 2,600, ಮೊಳೆ, ಎಣ್ಣೆಗೆ 300, ಒಟ್ಟು 4,400 ರೂಪಾಯಿ. ನಾಲ್ಕು ಜನ ಕೂರಬಹುದು. ಕಾಲಿನ ಬುಡಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿದಿದ್ದೇವೆ. ನಮ್ಮ ಮೀನುಗಾರರು ದೋಣಿಗೆ ಬಳಿಯುತ್ತಿದ್ದುದು ಇದನ್ನೇ. ಚರ್ಮಕ್ಕೆ ತಾಗಿದರೆ ಸುಟ್ಟ ಗಾಯವಾಗುತ್ತದೆ, ಕೈಗೆ ಚೀಲ ಹಾಕಿಕೊಂಡು ಬಳಿಯಿರಿ. ಜನ ಕೂರುವ ಮೇಲ್ಭಾಗಕ್ಕೆ ಬೇಡವೇ ಬೇಡ.

ಬೆಂಚಿನ ಮೇಲೆ ಹಾಸಲು ಏನು ಎಂದು ಕೇಳುವಿರಿ. ತೋಡಿನ ದಂಡೆಯಲ್ಲಿ ಮುಂಡುಗ ಬೆಳೆದಿರುವುದಷ್ಟೆ. ಅದರ ಎಲೆಯ ಎರಡು ಅಂಚಿನ ಮತ್ತು ನಡುನರದ ಮುಳ್ಳು ತೆಗೆದು, ಸುರುಳಿ ಸುತ್ತಿ ಬೇಯಿಸಿ, ಒಣಗಿಸಿ ಸೀಳಿ ಹೆಣೆದ ಚಾಪೆ ತಂಪು, ಮೃದು. ಹೆಣೆಯಬಲ್ಲ ಅಜ್ಜಿಯಂದಿರು ಊರಿಗೆ ಒಬ್ಬಿಬ್ಬರೇ ಉಳಿದಿದ್ದಾರೆ. ಹೆಣ್ಣುಮಕ್ಕಳ ಸಂಘದವರು ಅವರನ್ನು ಕೂರಿಸಿಕೊಂಡು ಈ ಬೇಸಿಗೆಯಲ್ಲೇ ಕಲಿತರೆ ಒಳ್ಳೆಯದು, ಮುಂದೆ ಕಲಿಸುವವರು ಸಿಗಲಾರರು. ಚಾಪೆಯ ಅಡಿಗೆ ಹಳೆಯ ಸೀರೆಗಳನ್ನು ಮಡಿಚಿ ಹೊಲಿದರೆ ಮೆತ್ತೆಯೂ ಆಯಿತು.

ಗೋಡೆಗೆ ಚಿಪ್ಪಿನ ಸುಣ್ಣ ಸಾಕು. ಹೊಸ ಸುಣ್ಣದ ಖಾರಕ್ಕೆ ಬೂಷ್ಟು ಹಿಡಿಯುವುದು ಕಡಿಮೆ, ವರ್ಷಕ್ಕೊಮ್ಮೆ ದೀಪಾವಳಿಗೆ ಬಳಿದರಾಯಿತು.

ಬಿದಿರಿನ ಮಾತು ಸ್ವಲ್ಪ ವಿವರವಾಗಿ ಹೇಳಬೇಕು. ಬಿದಿರಿನ ಕಪಾಟು, ಬುಟ್ಟಿ, ಮೂಢೆ ಎರಡೇ ವರ್ಷಕ್ಕೆ ಹುಡಿಯಾಗುತ್ತದೆ ಎಂಬುದು ತಮ್ಮ ದೂರು. ಬಿದಿರಿನೊಳಗೆ ಹಿಟ್ಟಿನ ಅಂಶವಿದೆ, ಹುಳು ಬರುವುದು ಅದನ್ನು ತಿನ್ನಲು. ಹಿರಿಯರು ಬಿದಿರನ್ನು ಕೆರೆಯಲ್ಲಿ ಎರಡು ಮೂರು ತಿಂಗಳು ಮುಳುಗಿಸಿಡುತ್ತಿದ್ದುದು ಸುಮ್ಮನೆ ಅಲ್ಲ, ನೀರಿನಲ್ಲಿ ಆ ಹಿಟ್ಟು ಕರಗಿಹೋಗುತ್ತದೆ. ಅಷ್ಟು ಕಾಯಲಾಗದವರು 20 ಲೀಟರ್ ನೀರಿಗೆ 600 ಗ್ರಾಂ ಬೊರಾಕ್ಸ್ ಮತ್ತು 400 ಗ್ರಾಂ ಬೋರಿಕ್ ಆಮ್ಲ ಕರಗಿಸಿ, ಸೀಳಿದ ಬಿದಿರನ್ನು ಒಂದು ವಾರ ಮುಳುಗಿಸಿ, ನೆರಳಿನಲ್ಲಿ ಒಣಗಿಸಬೇಕು. ತೆಂಗಿನ ಬುಡಕ್ಕೆ ಹಾಕುವ ಬೊರಾಕ್ಸೇ ಇದು, ತಮಗೆ ಹೊಸದಲ್ಲ. ಮಳೆಗೆ ನೆನೆದರೆ ಔಷಧಿ ತೊಳೆದುಹೋಗುವುದರಿಂದ ಮನೆಯೊಳಗಿನ ಸಾಮಾನಿಗೆ ಮಾತ್ರ ಉಪಯೋಗ. ಮಕ್ಕಳ ಮತ್ತು ದನಗಳ ಬಾಯಿಗೆ ಸಿಗದಂತೆ ಇಡಿ. ಅನ್ನ ಹಾಕುವ, ತರಕಾರಿ ಇಡುವ ಬುಟ್ಟಿಗೆ ಬೇಡ. ಉಳಿದ ನೀರನ್ನು ಗದ್ದೆಗೆ, ತೋಡಿಗೆ ಚೆಲ್ಲಬೇಡಿ. ಬೋರಾನ್ ಹೆಚ್ಚಾದರೆ ಬೆಳೆ ಸುಟ್ಟುಹೋಗುತ್ತದೆ. ಮುಚ್ಚಿಟ್ಟು ಮುಂದಿನ ಬಿದಿರಿಗೆ ಬಳಸಿ.

ತೆಂಗಿನ ಮರವನ್ನೂ ಮರೆಯಬೇಡಿ. ಮುದಿ ಮರ ಕಡಿದಾಗ ಬುಡದ ಭಾಗದ ಹೊರಸುತ್ತಿನಿಂದ ಹಲಗೆ ತೆಗೆಸಿದರೆ ಕಬ್ಬಿಣದಂತೆ ಗಟ್ಟಿ. ಒಳತಿರುಳು, ತುದಿ ಎರಡೂ ಮೆದು, ಸಾಮಾನಿಗೆ ಬಾರದು.

ನಮ್ಮ ಅಕ್ಕಿ ಪೆಟ್ಟಿಗೆಯನ್ನು ಹುಡುಕಿಕೊಂಡು ಗುಜರಿಯವನ ಬಳಿ ಹೋಗಿದ್ದೆ. ಅದು ಅವನ ಕೈಯಿಂದ ಬೇರೆಯವರಿಗೆ ದಾಟಿ ಎಷ್ಟೋ ದಿನವಾಗಿತ್ತು. ತಮ್ಮ ಅಟ್ಟದ ಮೇಲೆ, ಕೊಟ್ಟಿಗೆಯ ಮೂಲೆಯಲ್ಲಿ ಅಂಥದೇನಾದರೂ ಇದ್ದರೆ, ಕೊಡುವ ಮೊದಲು ನನ್ನನ್ನೋ ನಿಮ್ಮ ಊರಿನ ಆಚಾರ್ರನ್ನೋ ಒಮ್ಮೆ ಕರೆಯಿರಿ. ಬರುವ ತಿಂಗಳ ಸಭೆಯಲ್ಲಿ ಬೊರಾಕ್ಸ್ ನೀರನ್ನು ಮಾಡಿ ತೋರಿಸುತ್ತೇನೆ. ಬರುವವರು ತಲಾ ಒಂದು ಮಾರು ಬಿದಿರು ತನ್ನಿ, ಸೀಳಿ ತಂದರೆ ಕೆಲಸ ಬೇಗ ಆದೀತು.