ಒಂದು ಓಟು, ಎರಡು ನಾಲಿಗೆ
(ಬೆಳ್ಳಿಹಬ್ಬದ ಸರ್ವಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಎಷ್ಟು ಸಾಲ ಕೊಟ್ಟೆವು, ಎಷ್ಟು ಮೂಟೆ ಗೊಬ್ಬರ ಹಂಚಿದೆವು ಎಂಬ ಲೆಕ್ಕವನ್ನು ಕಾರ್ಯದರ್ಶಿಗಳು ವರದಿಯಲ್ಲಿ ಒಪ್ಪಿಸಿದ್ದಾರೆ. ಲೆಕ್ಕದ ಪುಸ್ತಕಕ್ಕೆ ಸಿಗದ ಒಂದು ಬಾಕಿ ಉಳಿದಿದೆ. ಅದು ನಮ್ಮ ಮಾತಿನ ಬಾಕಿ. ಅದರ ಬಗ್ಗೆ ನಾಲ್ಕು ಮಾತು ಹೇಳ್ತೇವೆ.

1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘ ಕಟ್ಟಿದರು. ನಮ್ಮ ರಾಜ್ಯದ 1959ರ ಕಾಯ್ದೆಯ ಪ್ರಕಾರ ಷೇರು ಎಷ್ಟೇ ಇರಲಿ, ಒಬ್ಬ ಸದಸ್ಯರಿಗೆ ಒಂದೇ ಓಟು. ಕಾಗದದ ಮೇಲೆ ಎಲ್ಲರೂ ಸಮ. ಆದರೆ ಕೌಂಟರಿನ ಮುಂದೆ?

ಹತ್ತು ಎಕರೆಯವರು ಬಂದರೆ "ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ" ಅಂತೀವಿ. ಕಾಲೋನಿಯಿಂದ ಅರ್ಧ ಎಕರೆಯವರು ಬಂದರೆ, ನಮ್ಮಪ್ಪನ ವಯಸ್ಸಾಗಿದ್ದರೂ "ಏನೋ, ಯಾಕ್ ಬಂದೆ?" ಅಂತೀವಿ. ಷೇರು ತಾಯಂದಿರ ಹೆಸರಲ್ಲೇ ಇರುತ್ತೆ, ಆದರೂ "ಮನೆಯವರನ್ನ ಕಳಿಸಮ್ಮ" ಅಂತೀವಿ. ಸಂವಿಧಾನ 1950ರಲ್ಲೇ ಅಸ್ಪೃಶ್ಯತೆಯನ್ನು ರದ್ದು ಮಾಡಿತು. 1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿಯ ಹಕ್ಕು ಕೊಟ್ಟಿತು. ನಮ್ಮ ನಾಲಿಗೆ ಮಾತ್ರ ಇನ್ನೂ ಹಳೇ ಪಹಣಿಯನ್ನೇ ಓದ್ತಾ ಇದೆ.

ಸಾಲದ ಮಾತೂ ಹೀಗೇ. ಮಳೆ ಕೈಕೊಟ್ಟು ಕಂತು ತಪ್ಪಿದ ಬಡ ರೈತ "ಸುಸ್ತಿದಾರ". ಅನುಕೂಲಸ್ಥರ ಕಂತು ತಪ್ಪಿದರೆ "ಸ್ವಲ್ಪ ತಡವಾಗಿದೆ". ಇನ್ನು ದೊಡ್ಡ ಕಂಪನಿಗಳ ಸಾಲ ನಿಂತುಹೋದರೆ ಬ್ಯಾಂಕಿನವರು ಅದನ್ನು "ಅನುತ್ಪಾದಕ ಆಸ್ತಿ" ಅಂತಾರೆ. ಹೆಸರಲ್ಲೇ ಆಸ್ತಿ! ಬಾಕಿ ಒಂದೇ, ಹೆಸರು ಮೂರು. ಮೊದಲನೇ ಹೆಸರಿನವರು ಮಾತ್ರ ತಲೆ ತಗ್ಗಿಸಿ ನಡೀಬೇಕು.

ಈಗ ನಮ್ಮದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಹಿಂದೊಂದು ಮಹಾಸಭೆಯಲ್ಲಿ ಕಾಲೋನಿಯ ಹಿರಿಯ ಸದಸ್ಯರೊಬ್ಬರು, ಗೊಬ್ಬರ ಬಂದ ದಿನ ನಮಗೆ ಯಾಕೆ ತಿಳಿಸೋದಿಲ್ಲ ಎಂದು ಕೇಳಿದರು. ಅದೇ ಸಭೆಯಲ್ಲಿ ಇನ್ನೊಬ್ಬರು, ಅನುಕೂಲಸ್ಥರು, ಗೋದಾಮಿನ ವಿಷಯ ಕೇಳಿದರು. ನಡಾವಳಿ ಪುಸ್ತಕದಲ್ಲಿ ನಾವು ಬರೆದದ್ದೇನು? ಅನುಕೂಲಸ್ಥರು "ಸಲಹೆ ನೀಡಿದರು", ಕಾಲೋನಿಯವರು "ತಕರಾರು ಮಾಡಿದರು". ಆಮೇಲೆ ಎರಡು ವರ್ಷ ಅವರು ಸಭೆಗೆ ಬರಲೇ ಇಲ್ಲ. ಮನೆಗೆ ಹೋಗಿ ಕೇಳಿದಾಗ ಅಂದರು: "ತಕರಾರಿನವನು ಅಂತ ನೀವೇ ಬರೆದಿದ್ದೀರಲ್ಲ ಸ್ವಾಮಿ, ಮತ್ತೆ ಯಾಕೆ ಕರೀತೀರಿ?"

ನಮಗೆ ಉತ್ತರ ಇರಲಿಲ್ಲ. ಒಂದು ಪದ ಬರೆದು ಒಂದು ಓಟನ್ನೇ ಕಳೆದಿದ್ದೆವು. ಅವರ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಈಗ ಗೊಬ್ಬರ ಬಂದ ದಿನ ಕಾಲೋನಿಯಲ್ಲೂ ತಮಟೆ ಸಾರಿಸ್ತೇವೆ.

ಬಂಧುಗಳೇ, ಮಾತು ಬದಲಾದರೆ ಬಡತನ ಹೋಗಿಬಿಡುತ್ತೆ ಅಂತ ನಾವು ಹೇಳೋದಿಲ್ಲ. ಆದರೆ "ಏನೋ" ಅನ್ನಿಸಿಕೊಂಡವರು ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳೋದು ಕಷ್ಟ. ಲೆಕ್ಕ ಕೇಳದ ಸಂಘ ಕೆಲವರ ಕೈಗೇ ಹೋಗುತ್ತೆ. ಅದಕ್ಕೇ ಇಂದಿನಿಂದ ಕೌಂಟರಿಗೆ ಬಂದ ಪ್ರತಿಯೊಬ್ಬರಿಗೂ "ಬನ್ನಿ" ಅನ್ನೋಣ. ಕೇಳಿದ ಪ್ರಶ್ನೆಯನ್ನು ಕೇಳಿದ ಹಾಗೇ ಬರೆಯೋಣ. ಇದಕ್ಕೆ ಷೇರು ಹಣ ಬೇಡ, ಸರ್ಕಾರದ ಮಂಜೂರಾತಿಯೂ ಬೇಡ.

ಆ ಹಿರಿಯರು ಇವತ್ತು ಮುಂದಿನ ಸಾಲಿನಲ್ಲೇ ಕೂತಿದ್ದಾರೆ. ಅವರಿಗೂ ತಮಗೆಲ್ಲರಿಗೂ ನಮಸ್ಕಾರ.